ಪದಚರ್ಚೆ: ‘ಕುರ್ಬಾನಿ’ಗೆ ‘ಬಲಿದಾನ’ ಸರಿಹೋಗುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಬಕ್ರೀದ್ ಹತ್ತಿರವಾಯಿತೆಂದರೆ ಶಿವಮೊಗ್ಗದಲ್ಲಿ ಏಳುವ ಫ್ಲೆಕ್ಸ್‌ಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಒಕ್ಕಣೆ: ‘ತ್ಯಾಗ ಬಲಿದಾನಗಳ ಸಂಕೇತವಾದ ಬಕ್ರೀದ್ ಹಬ್ಬದ ಹಾರ್ದಿಕ ಶುಭಾಶಯಗಳು’. ನಮ್ಮ ಡಿಟಿಪಿ ಅಂಗಡಿಗೂ ಇದೇ ವಾಕ್ಯ ಬರುತ್ತದೆ, ಫೋಟೊಗಳಷ್ಟೇ ಬೇರೆ. ಇದರಲ್ಲಿರುವ ‘ಬಲಿದಾನ’ ನನಗೆ ಯಾಕೋ ಒಗ್ಗುತ್ತಿಲ್ಲ.

ಕನ್ನಡಕ್ಕೆ ಹೀಗೆ ಇಳಿದಿರುವುದು ‘ಕುರ್ಬಾನಿ’. ಅರಬ್ಬಿಯಲ್ಲಿ ಅದರ ಧಾತುವಿಗೆ ಹತ್ತಿರವಾಗು ಎಂದರ್ಥ. ಉರ್ದುವಿನ ‘ಕರೀಬ್’ ಕೂಡ ಅದೇ ಬಳ್ಳಿಯದು. ದೇವರಿಗೆ ಹತ್ತಿರವಾಗಲೆಂದು ಕೊಡುವುದು ಕುರ್ಬಾನಿ. ನಮ್ಮ ‘ಬಲಿ’ಯ ಜಾಡೇ ಬೇರೆ. ಮಲೆನಾಡಿನಲ್ಲಿ ಬಲಿ ಅಂದರೆ ಚೌಡಿಗೋ ಭೂತಕ್ಕೋ ಕೊಡುವ ಕೋಳಿ ಕಣ್ಣೆದುರು ಬರುತ್ತದೆ. ದೈವ ಅದನ್ನು ಸ್ವೀಕರಿಸುತ್ತದೆ ಎಂಬುದು ಅಲ್ಲಿನ ನಂಬಿಕೆ (ಕೋಳಿ ಕೊನೆಗೆ ಸೇರುವುದು ನಮ್ಮ ಸಾರಿನ ಪಾತ್ರೆಗೇ, ಆ ಮಾತು ಬೇರೆ). ಕುರಾನಿನ 22ನೇ ಅಧ್ಯಾಯದ 37ನೇ ವಚನವಾದರೋ, ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ಮುಟ್ಟುವುದಿಲ್ಲ, ಮುಟ್ಟುವುದು ನಿಮ್ಮ ಭಯಭಕ್ತಿ ಎನ್ನುತ್ತದೆ. ಮಾಂಸವೇನಿದ್ದರೂ ಮನುಷ್ಯರ ಪಾಲು: ಒಂದು ಭಾಗ ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ ಎಂದು ಹಂಚುವ ರೂಢಿ.

ಇನ್ನು ‘ಬಲಿದಾನ’. ಪತ್ರಿಕೆ ಓದುವವರಿಗೆ ಅದು ಗಡಿಯಲ್ಲಿ ಪ್ರಾಣ ಕೊಟ್ಟ ಯೋಧನಿಗೆ ಸಲ್ಲುವ ಪದ. ಬಕ್ರೀದಿನ ಕಥೆಯಲ್ಲಿ ಯಾರೂ ಪ್ರಾಣ ಕೊಡಲಿಲ್ಲವಲ್ಲ! ಇಬ್ರಾಹೀಮರು ಮಗನನ್ನೇ ಕೊಡಲು ಸಿದ್ಧರಾದರು, ಇಸ್ಮಾಯಿಲರು ಒಪ್ಪಿದರು, ದೇವರು ಮಗನನ್ನು ಉಳಿಸಿ ಟಗರನ್ನು ಕೊಟ್ಟ. ‘ತ್ಯಾಗ’ ಅನ್ನಿ, ತಕರಾರಿಲ್ಲ. ಜೋಡುಪದದ ಗತ್ತಿಗಾಗಿ ಬಲಿದಾನವನ್ನು ಬಾಲದಂತೆ ಅಂಟಿಸಿದ್ದಾರೆ ಎಂದೇ ನನ್ನ ಗುಮಾನಿ. ಗಾಂಧಿಬಜಾರಿನಲ್ಲಿ ಕಿವಿಗೊಟ್ಟು ನೋಡಿ, ಕನ್ನಡದಲ್ಲಿ ಮಾತಾಡುವಾಗಲೂ ‘ಈ ಸಲ ಕುರ್ಬಾನಿ ಕೊಡ್ತಿದೀವಿ’ ಅನ್ನುತ್ತಾರೆಯೇ ಹೊರತು ‘ಬಲಿ ಕೊಡ್ತಿದೀವಿ’ ಅನ್ನುವುದಿಲ್ಲ.

‘ಬಕ್ರೀದ್’ ಬಗ್ಗೆ ಜಗಳ ಬೇಡ. ಉರ್ದುವಿನ ಬಕ್ರಾ (ಆಡು) ಎನ್ನುವವರಿದ್ದಾರೆ, ಅರಬ್ಬಿಯ ಬಕರ್ (ದನ) ಎನ್ನುವವರೂ ಇದ್ದಾರೆ. ಅರಬ್ಬಿಯಲ್ಲಿ ಹಬ್ಬದ ಹೆಸರು ಈದುಲ್ ಅಝ್‌ಹಾ. ‘ಈದ್’ ಒಳಗೇ ಇರುವಾಗ ‘ಬಕ್ರೀದ್ ಹಬ್ಬ’ ಎನ್ನುವುದು ‘ನಡು ಸೆಂಟರ್’ ಅಂದ ಹಾಗಾಯಿತು ಎಂದು ಗೆಳೆಯರೊಬ್ಬರ ಆಕ್ಷೇಪ. ಇರಲಿ ಬಿಡಿ, ಕನ್ನಡದ ಕಿವಿಗೆ ‘ಹಬ್ಬ’ ಬೇಕು.

‘ಮುಬಾರಕ್’ ಮಾತ್ರ ನಾವು ಅಂದುಕೊಂಡಷ್ಟು ಪರಕೀಯವಲ್ಲ. ಅದರ ಒಡಹುಟ್ಟು ‘ಬರಕತ್’ ನಮ್ಮ ಬಾಯಲ್ಲಿ ಎಂದೋ ‘ಬರಕತ್ತು’ ಆಗಿದೆ. ‘ಆ ಹುಡುಗ ಬರಕತ್ತಾಗೋದಿಲ್ಲ’ ಎಂದು ಬೈಯುವ ಅಜ್ಜಿ ಅರಬ್ಬಿ ಪದ ಬಳಸುತ್ತಿದ್ದೇನೆ ಎಂದುಕೊಂಡಿರುತ್ತಾಳೆಯೇ? ಹಾಗಾಗಿ ‘ಈದ್ ಮುಬಾರಕ್’ ಎಂದರೆ ಬರಿಯ ಶುಭಾಶಯವಲ್ಲ, ಈ ಹಬ್ಬ ನಿಮಗೆ ಬರಕತ್ತು ತರಲಿ ಎಂಬ ಹಾರೈಕೆ. ಮರುಮಾತು ‘ಖೈರ್ ಮುಬಾರಕ್’.

ಒಕ್ಕಣೆ ನಕಲು ಮಾಡುವ ಭರದಲ್ಲಿ ಮೊಹರಂಗೂ ‘ಹಾರ್ದಿಕ ಶುಭಾಶಯ’ ಕೋರುವವರಿದ್ದಾರೆ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದದ್ದನ್ನು ನೆನೆಯುವ ದಿನಕ್ಕೆ ಎಂಥ ಶುಭಾಶಯ? ‘ಬಲಿದಾನ’ ಬೇಕೇ ಬೇಕೆಂದರೆ ಅಲ್ಲಿ ಹಾಕಿಕೊಳ್ಳಲಿ, ಒಪ್ಪುತ್ತದೆ.

ಈಗ ಬಲ್ಲವರು ಹೇಳಬೇಕು. ಬಕ್ರೀದಿಗೆ ‘ಕುರ್ಬಾನಿ’ಯನ್ನೇ ಇಟ್ಟುಕೊಳ್ಳೋಣವೇ, ‘ಅರ್ಪಣೆ’ ನಡೆದೀತೇ? ಕೊಪ್ಪ, ಬಾಳೆಹೊನ್ನೂರು ಕಡೆಯ ಬ್ಯಾರಿ ಮನೆಮಾತಿನವರು ಹಬ್ಬಕ್ಕೆ ‘ಪೆರ್ನಾಳ್’ ಎನ್ನುತ್ತಾರೆ. ಹಳಗನ್ನಡದ ಪೆರ್, ನಾಳ್ ಎರಡನ್ನೂ ಅದರಲ್ಲಿ ಕಾಣಬಹುದು. ಕುರ್ಬಾನಿಗೂ ಅವರಲ್ಲಿ ಬೇರೆ ಪದವಿದ್ದರೆ ತಿಳಿಸಿ. ಗಿರಾಕಿಗೆ ನಾಳೆ ಪ್ರೂಫ್ ಕಳಿಸಬೇಕು.