ಗಣಿ ಮುಗಿದ ಮೇಲೆ ಒಂದು ದೇಶ ಹೇಗೆ ನಡೆಯುತ್ತದೆ? ನೌರು ಬಗ್ಗೆ ತಿಳಿದವರು ಹೇಳಿ

ಸಂಡೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸಂಡೂರು ಕಡೆ ಪಿಯು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಪೆಸಿಫಿಕ್ ಸಾಗರದ ಸಣ್ಣ ದೇಶಗಳಿಗೆ ನಮ್ಮ ಪಾಠಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನೌರು ಅಂದರೆ ಫಾಸ್ಫೇಟ್ (ಗೊಬ್ಬರಕ್ಕೆ ಬೇಕಾದ ಕಲ್ಲು), ಜಗತ್ತಿನ ಅತಿ ಚಿಕ್ಕ ಗಣರಾಜ್ಯ, ಅಲ್ಲಿಗೆ ಮುಗೀತು. ಆದರೆ ಮಕ್ಕಳು ಅಲ್ಲಿಗೆ ಬಿಡಲಿಲ್ಲ. ಇವರ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಗಣಿ, ಲಾರಿ, ವೇಬ್ರಿಡ್ಜ್ ನಂಬಿಕೊಂಡವರು. ಹಾಗಾಗಿ "ಅದಿರು ಖಾಲಿಯಾದ ಮೇಲೆ ಆ ಜನ ಏನು ಮಾಡಿದರು ಮೇಡಂ" ಅಂತ ಕೇಳಿದರು. ನನಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿದೆ.

ಅಷ್ಟು ಚಿಕ್ಕ ದ್ವೀಪದಲ್ಲಿ ಜನ ಎಲ್ಲಿ ಇರುತ್ತಾರೆ, ನೀರು ಎಲ್ಲಿಂದ? ಸುಮಾರು 12 ಸಾವಿರ ಜನಕ್ಕೆ ಸರ್ಕಾರ ಅಂದರೆ ಹೇಗಿರುತ್ತದೆ? ಗಣಿ ದುಡ್ಡೆಲ್ಲಾ ಎಲ್ಲಿ ಹೋಯಿತು? ಈಗ ಹೊಟ್ಟೆಪಾಡು ಯಾವುದರ ಮೇಲೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಬರೆಯಿರಿ.

ನಿವೃತ್ತ ಜಿಯಾಲಜಿಸ್ಟ್, ಬಳ್ಳಾರಿ

ಮೇಡಂ, ಒಳ್ಳೆ ಪ್ರಶ್ನೆ. ನೆಲದ ವಿಷಯ ನಾನು ಹೇಳುತ್ತೇನೆ, ಕಾನೂನು ಗೊತ್ತಿರುವವರು ಮಿಕ್ಕಿದ್ದು ಹೇಳಲಿ.

ನೌರು ವಿಸ್ತೀರ್ಣ 21 ಚದರ ಕಿ.ಮೀ. ನಮ್ಮ ತುಂಗಭದ್ರಾ ಜಲಾಶಯ ತುಂಬಿದರೆ ನೀರು ಹರಡುವ ಜಾಗ 378 ಚದರ ಕಿ.ಮೀ. ಅಂತ ಲೆಕ್ಕ ಇದೆಯಲ್ಲ, ಅದರೊಳಗೆ ಇಂಥ 18 ದೇಶ ಹಿಡಿಯುತ್ತವೆ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಐವತ್ತು ಅರವತ್ತು ಕಿ.ಮೀ. ಒಳಗೇ ಇದೆ. ಹತ್ತಿರದ ನೆಲ ಅಂದರೆ ಪೂರ್ವಕ್ಕೆ ಸುಮಾರು 300 ಕಿ.ಮೀ. ದೂರದ ಬನಾಬಾ ದ್ವೀಪ, ಅದು ಕಿರಿಬಾಟಿ ದೇಶದ್ದು.

ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿ ಬೆಟ್ಟ, ಅದರ ತಲೆಯ ಮೇಲೆ ಹವಳದ ಸುಣ್ಣಕಲ್ಲು. ಆ ಕಲ್ಲು ಸಮತಟ್ಟಾಗಿಲ್ಲ. ಮೊನಚು ಮೊನಚಾಗಿ ಕಂಬಗಳ ಹಾಗೆ ನಿಂತಿದೆ, ಕೆಲವು ಕಡೆ ಎರಡು ಮೂರು ಆಳು ಎತ್ತರಕ್ಕೂ ಜಾಸ್ತಿ. ಈ ಕಂಬಗಳ ಸಂದಿಯಲ್ಲಿ ಫಾಸ್ಫೇಟ್ ತುಂಬಿಕೊಂಡಿತ್ತು. ಗಣಿಯವರು ಮಾಡಿದ್ದು ಇಷ್ಟೇ: ಮೇಲಿನ ಗಿಡ, ಮಣ್ಣು ತೆಗೆದರು, ಸಂದಿಯಲ್ಲಿದ್ದದ್ದನ್ನು ಬಾಚಿದರು, ಕಂಬಗಳನ್ನು ಬಿಟ್ಟು ಹೋದರು. ದ್ವೀಪದ ಸುಮಾರು ಶೇ. 80 ಭಾಗ ಹೀಗಾಗಿದೆ. ಅಲ್ಲಿ ನೇಗಿಲು ಹೂಡುವುದು ಬಿಡಿ, ನೆಟ್ಟಗೆ ನಡೆಯೋಕೂ ಆಗಲ್ಲ. ಬರೀ ಬಿಳಿ ಬೂದು ಕಲ್ಲು, ಬಿಸಿಲಿಗೆ ಕಾದು ಧಗಧಗ ಅನ್ನುತ್ತದೆ.

ನಮ್ಮ ಕಡೆ ಗಣಿ ಅಂದರೆ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬೇಡದ ಮಣ್ಣನ್ನು ಪಕ್ಕದಲ್ಲಿ ಡಂಪ್ ಹಾಕುತ್ತಾರೆ. ಮಳೆಗೆ ಆ ಡಂಪ್ ಜಾರಿ ಕೆಂಪು ನೀರು ಹಳ್ಳಕ್ಕೆ, ಹೊಲಕ್ಕೆ ಬರುತ್ತದೆ. ಅದನ್ನು ತಡೆಯೋಕೆ ಬುಡದಲ್ಲಿ ತಡೆಗೋಡೆ, ಹಳ್ಳಕ್ಕೆ ಚೆಕ್‌ ಡ್ಯಾಂ, ಡಂಪ್ ಮೇಲೆ ಗಿಡ, ಏನಾದರೂ ಮಾಡಬಹುದು. ಮಾಡೋಕೆ ಮಣ್ಣಾದರೂ ಇದೆ. ನೌರುವಿನಲ್ಲಿ ವಾಪಸ್ ಹಾಕೋಕೆ ಮಣ್ಣೇ ಇಲ್ಲ. ಮಣ್ಣಿನಂತಿದ್ದದ್ದೇ ಫಾಸ್ಫೇಟ್, ಅದು ಹಡಗು ಹತ್ತಿ ಹೋಯಿತು. ಕಂಬಗಳನ್ನು ಒಡೆದು ಪುಡಿ ಮಾಡಿ ಜಾಗ ಸಮ ಮಾಡುವ ಕೆಲಸ ಅಲ್ಲಲ್ಲಿ ನಡೆದಿದೆ, ತುಂಬಾ ನಿಧಾನ.

ಹಾಗಾಗಿ ಜನ ಇರುವುದು ಅಂಚಿನಲ್ಲಿ. ದ್ವೀಪದ ಸುತ್ತ ನೂರೈವತ್ತರಿಂದ ಮುನ್ನೂರು ಮೀಟರ್ ಅಗಲದ ಪಟ್ಟಿ, ಅಲ್ಲಿ ತೆಂಗು, ಮನೆ, ರಸ್ತೆ, ಶಾಲೆ ಎಲ್ಲಾ. ಇಡೀ ದೇಶಕ್ಕೆ ಒಂದು ಸುತ್ತು ಹಾಕುವ ರಸ್ತೆ 19 ಕಿ.ಮೀ. ಒಳಗಡೆ ಬುವಾಡಾ ಅಂತ ಒಂದು ಕೆರೆ ಇದೆ, ಅದರ ಸುತ್ತ ಮಾತ್ರ ಸ್ವಲ್ಪ ಫಲವತ್ತಾದ ನೆಲ. ನದಿ ಒಂದೂ ಇಲ್ಲ. ಮಳೆ ಒಂದು ವರ್ಷ ಹೊಡೆದರೆ ಇನ್ನೊಂದು ವರ್ಷ ಕೈಕೊಡುತ್ತದೆ. ಮನೆ ಮೇಲಿನ ಮಳೆನೀರನ್ನು ಟ್ಯಾಂಕಿಗೆ ಹಿಡಿಯುತ್ತಾರೆ, ಸಾಲದ್ದಕ್ಕೆ ಸಮುದ್ರದ ನೀರಿನ ಉಪ್ಪು ತೆಗೆಯುವ ಪ್ಲಾಂಟ್.

ಸಿಂಧನೂರು ಗದ್ದೆ

ಮೇಡಂ, ನಾನು ಭತ್ತ ಹಾಕುವವನು, ದೊಡ್ಡ ಓದಿಲ್ಲ. ಆದರೆ ಈ ಫಾಸ್ಫೇಟ್ ನಮಗೆ ದಿನದ ಮಾತು. ಡಿಎಪಿ ಚೀಲದ ಮೇಲೆ 18-46 ಅಂತ ಬರೆದಿರುತ್ತಲ್ಲ, 18 ಸಾರಜನಕ, 46 ರಂಜಕ. ಆ ರಂಜಕ ಬರುವುದು ಇಂಥ ಕಲ್ಲಿನಿಂದಲೇ. ಬೇರು ಬಿಡೋಕೆ, ತೆಂಡೆ ಒಡೆಯೋಕೆ ಅದು ಬೇಕೇ ಬೇಕು. ನಾಟಿ ಹೊತ್ತಿಗೆ ಡಿಎಪಿ ಸಿಗದಿದ್ದರೆ ನಮ್ಮ ಕಡೆ ಅಂಗಡಿ ಮುಂದೆ ಬೆಳಗಿನ ಜಾವದಿಂದ ಚಪ್ಪಲಿ ಇಟ್ಟು ಪಾಳಿ ಹಚ್ಚುತ್ತಾರೆ, ಅದು ಎಲ್ಲರಿಗೂ ಗೊತ್ತು.

ಮಕ್ಕಳಿಗೆ ಇದನ್ನೂ ಹೇಳಿ. ನೌರು ಕಲ್ಲು ಹೆಚ್ಚಾಗಿ ಹೋಗಿದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹೊಲಗಳಿಗೆ, ಕುರಿ ದನ ಮೇಯುವ ಹುಲ್ಲುಗಾವಲುಗಳಿಗೆ. ಅಲ್ಲಿ ಹುಲ್ಲು ಸೊಂಪಾಗಿ ಬೆಳೆಯಿತು, ಇಲ್ಲಿ ಒಂದು ದೇಶದ ನೆಲವೇ ಹೋಯಿತು. ಮಣ್ಣನ್ನೇ ನಂಬಿದ ನನಗೆ ಇದು ಓದಿದಾಗ ತುಂಬಾ ಸಂಕಟ ಆಯಿತು. ನಾನು ಸರಿಯಾಗಿ ಹೇಳಿದೆನಾ ಜಿಯಾಲಜಿಸ್ಟ್ ಸರ್?

ನಿವೃತ್ತ ಜಿಯಾಲಜಿಸ್ಟ್, ಬಳ್ಳಾರಿ

ಸರಿಯಾಗೇ ಹೇಳಿದ್ದೀರಿ ಅಣ್ಣಾರೆ. ಇನ್ನೊಂದು ವಿಷಯ ಸೇರಿಸುತ್ತೇನೆ. ಸಿಡ್ನಿಯ ಒಂದು ಕಂಪನಿ ಆಫೀಸಿನಲ್ಲಿ ಬಾಗಿಲು ಮುಚ್ಚದ ಹಾಗೆ ಅಡ್ಡ ಇಟ್ಟಿದ್ದ ಕಲ್ಲೊಂದಿತ್ತು, ನೌರುವಿನಿಂದ ಬಂದದ್ದು. ಕಲ್ಲಾದ ಮರ ಅಂತ ಎಲ್ಲರೂ ತಿಳಿದಿದ್ದರು. 1899ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬಾತ ಅದನ್ನು ಪರೀಕ್ಷೆ ಮಾಡಿಸಿದ, ಉತ್ತಮ ದರ್ಜೆಯ ಫಾಸ್ಫೇಟ್ ಅಂತ ಗೊತ್ತಾಯಿತು. ಅಷ್ಟೊತ್ತಿಗೆ ದ್ವೀಪ ಜರ್ಮನಿ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಗಣಿ ಶುರು. ಹಡಗು ದಡಕ್ಕೆ ಬರೋಕೆ ಬಂದರು ಇರಲಿಲ್ಲ, ಹವಳದ ದಿಬ್ಬ ದಾಟಿದ ಕೂಡಲೇ ಸಮುದ್ರ ಪಾತಾಳದಷ್ಟು ಆಳ. ಅದಕ್ಕೆ ದಡದಿಂದ ಸಮುದ್ರದ ಮೇಲೆ ಚಾಚಿದ ದೊಡ್ಡ ಕಬ್ಬಿಣದ ತೋಳು ಕಟ್ಟಿ, ಬೆಲ್ಟ್ ಮೇಲೆ ಸಾಗಿಸಿ ಹಡಗಿಗೆ ಸುರಿಯುತ್ತಿದ್ದರು.

ಕುಡಿತಿನಿ ಹುಡುಗ

ನನಗೆ ಒಂದು ಅನ್ನಿಸುತ್ತದೆ, ಯಾರೂ ಬೇಜಾರಾಗಬೇಡಿ. ಇದರಲ್ಲಿ ನೌರು ಜನರ ತಪ್ಪೂ ಇದೆ. ಒಂದು ಕಾಲಕ್ಕೆ ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿದ್ದರು. ತೆರಿಗೆ ಇಲ್ಲ, ಆಸ್ಪತ್ರೆ ಶಾಲೆ ಎಲ್ಲಾ ಉಚಿತ, ಸ್ವಂತ ವಿಮಾನ ಕಂಪನಿ. ಮೆಲ್ಬೋರ್ನ್‌ನಲ್ಲಿ 52 ಮಹಡಿ ಕಟ್ಟಡ. ಲಂಡನ್‌ನಲ್ಲಿ ಒಂದು ಸಂಗೀತ ನಾಟಕಕ್ಕೂ ದುಡ್ಡು ಸುರಿದರು, ಅದು ಬೇಗ ಮುಚ್ಚಿತು. ಆ ಕಟ್ಟಡವೂ ಸಾಲಕ್ಕೆ 2004ರಲ್ಲಿ ಮಾರಾಟ ಆಯಿತು. ಮುಂದೆ ನೋಡದೆ ಖರ್ಚು ಮಾಡಿದರೆ ಯಾರಿಗಾದರೂ ಇದೇ ಗತಿ ಅಲ್ವಾ? ನಮ್ಮ ಕಡೆ ಚೀನಾಕ್ಕೆ ಅದಿರು ಹೋಗುವ ಕಾಲದಲ್ಲಿ ಸಾಲ ಮಾಡಿ ಟಿಪ್ಪರ್ ತೆಗೆದವರು 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಕಂತು ಕಟ್ಟೋಕಾಗದೆ ಏನಾದರು ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ.

ಗಂಗಾವತಿ ವಕೀಲ

ತಮ್ಮಾ, ನೀನು ಹೇಳಿದ ಸಂಗತಿಗಳು ನಿಜ. ಆದರೆ ಕಥೆ ಅವರು ಸ್ವತಂತ್ರರಾದ 1968ರಿಂದ ಶುರು ಮಾಡಿದರೆ ಅರ್ಧ ನ್ಯಾಯ ಮಾತ್ರ ಆಗುತ್ತದೆ. ಅದಕ್ಕೆ ಮುಂಚಿನದ್ದು ನೋಡು.

1914ರಲ್ಲಿ ಆಸ್ಟ್ರೇಲಿಯಾ ಸೈನ್ಯ ದ್ವೀಪ ಹಿಡಿಯಿತು. ಯುದ್ಧ ಮುಗಿದ ಮೇಲೆ ರಾಷ್ಟ್ರಸಂಘ ಅದನ್ನು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೈಗೆ ಕೊಟ್ಟಿತು, ಅಲ್ಲಿನ ಜನರ ಹಿತ ಕಾಯಬೇಕು ಅಂತ ಹೇಳಿ. ಈ ಮೂವರು ಸೇರಿ ಫಾಸ್ಫೇಟ್ ಮಂಡಳಿ ಮಾಡಿಕೊಂಡು, ಮಾರುಕಟ್ಟೆ ದರಕ್ಕಿಂತ ತುಂಬಾ ಕಡಿಮೆಗೆ ತಮ್ಮ ದೇಶದ ರೈತರಿಗೆ ಗೊಬ್ಬರ ಒಯ್ದರು. ನೆಲದ ಒಡೆಯರಿಗೆ ರಾಯಲ್ಟಿ ಶುರುವಾಗಿದ್ದು ಟನ್ನಿಗೆ ಅರ್ಧ ಪೆನ್ನಿಯಿಂದ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬಂತು, ಸುಮಾರು 1,200 ಜನರನ್ನು ಕೂಲಿಗೆ ಪೆಸಿಫಿಕ್‌ನಲ್ಲೇ ಇರುವ ಟ್ರಕ್ (ಈಗಿನ ಚೂಕ್) ಎಂಬ ದ್ವೀಪಕ್ಕೆ ಸಾಗಿಸಿತು. 1946ರ ಜನವರಿಯಲ್ಲಿ ಜೀವಂತ ವಾಪಸ್ ಬಂದವರು 737. ಒಂದು ಜನಾಂಗವೇ ಅಳಿಸಿಹೋಗುವ ಭಯ ಅವರಿಗೆ ಗೊತ್ತು. ಜನಸಂಖ್ಯೆ 1,500 ಮುಟ್ಟಿದರೆ ಉಳಿದೆವು ಅಂತ ಅವರ ನಂಬಿಕೆ. 1932ರಲ್ಲಿ ಒಮ್ಮೆ ಮುಟ್ಟಿದ್ದರು, ಯುದ್ಧದ ನಂತರ 1949ರಲ್ಲಿ ಮತ್ತೆ ಮುಟ್ಟಿದರು. ಹಾಗೆ ಉಳಿದದ್ದರ ನೆನಪಿಗೆ ಅಂಗಾಮ್ ಅಂತ ಈಗಲೂ ಅಕ್ಟೋಬರ್ 26ಕ್ಕೆ ಹಬ್ಬ ಮಾಡುತ್ತಾರೆ. ಧ್ವಜದಲ್ಲಿರುವ ನಕ್ಷತ್ರಕ್ಕೆ 12 ಮೊನೆ, 12 ಮೂಲ ಕುಲಗಳಿಗೆ. ಕುಲ ತಾಯಿಯ ಕಡೆಯಿಂದ ಬರುತ್ತದೆ.

1960ರ ದಶಕದಲ್ಲಿ ಆಸ್ಟ್ರೇಲಿಯಾ ಒಂದು ಮಾತು ಮುಂದಿಟ್ಟಿತು: ನಿಮ್ಮ ದ್ವೀಪ ಮುಂದೆ ವಾಸಕ್ಕೆ ಆಗಲ್ಲ, ಕ್ವೀನ್ಸ್‌ಲೆಂಡ್ ಪಕ್ಕದ ಕರ್ಟಿಸ್ ದ್ವೀಪಕ್ಕೆ ಬನ್ನಿ. ನೌರು ಜನ ಬೇಡ ಅಂದರು. ಅಲ್ಲಿಗೆ ಹೋದರೆ ನಾವು ನಾವಾಗಿ ಉಳಿಯಲ್ಲ ಅಂದರು. ಹ್ಯಾಮರ್ ಡಿರೋಬರ್ಟ್ ನೇತೃತ್ವದಲ್ಲಿ ಪಟ್ಟು ಹಿಡಿದು 1968ರ ಜನವರಿ 31ಕ್ಕೆ ಸ್ವತಂತ್ರ ಆದರು. ಅವರೇ ಮೊದಲ ಅಧ್ಯಕ್ಷ. ಎರಡು ವರ್ಷದಲ್ಲಿ ಗಣಿಯನ್ನೂ ದುಡ್ಡು ಕೊಟ್ಟು ತಮ್ಮ ಕೈಗೆ ತಗೊಂಡರು. ಇಂಥ ಜನರನ್ನು ಮುಂದಾಲೋಚನೆ ಇಲ್ಲದವರು ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೆ ನನ್ನ ಮನಸ್ಸು ಒಪ್ಪಲ್ಲ.

1989ರಲ್ಲಿ ಆಸ್ಟ್ರೇಲಿಯಾ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕೇಸು ಹಾಕಿದರು. ಕೇಳಿದ್ದು ಸ್ವಾತಂತ್ರ್ಯಕ್ಕೆ ಮುಂಚೆ ಅಗೆದು ಬಿಟ್ಟ ನೆಲ ಸರಿಪಡಿಸಿ ಅಂತ, ಅದು ಅಗೆದ ನೆಲದ ಸುಮಾರು ಮೂರನೇ ಒಂದು ಭಾಗ. ಕೇಸು ಕೇಳೋಕೆ ಅಧಿಕಾರವೇ ಇಲ್ಲ ಅಂತ ಆಸ್ಟ್ರೇಲಿಯಾ ವಾದಿಸಿತು. 1992ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಮರುವರ್ಷ ರಾಜಿ ಆಯಿತು, 10.7 ಕೋಟಿ ಆಸ್ಟ್ರೇಲಿಯನ್ ಡಾಲರ್. ಒಂದು ಪುಟ್ಟ ದೇಶ ತನ್ನನ್ನು ಆಳಿದವರನ್ನು ಕಟಕಟೆಗೆ ತಂದ ಕೇಸು ಇದು, ಮಕ್ಕಳಿಗೆ ಖಂಡಿತ ಹೇಳಿ.

ಇನ್ನು ಸರ್ಕಾರ. ಒಂದೇ ಸದನ, 19 ಸದಸ್ಯರು, ಮೂರು ವರ್ಷದ ಅವಧಿ. 14 ಜಿಲ್ಲೆಗಳನ್ನು 8 ಕ್ಷೇತ್ರ ಮಾಡಿದ್ದಾರೆ. ಸದಸ್ಯರೇ ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುತ್ತಾರೆ. ನಮ್ಮಲ್ಲಿ ರಾಷ್ಟ್ರಪತಿ, ಪ್ರಧಾನಿ ಬೇರೆ ಬೇರೆ, ಅಲ್ಲಿ ಎರಡೂ ಒಬ್ಬರೇ. ಪಕ್ಷಗಳಿಗೆ ಹಿಡಿತ ಇಲ್ಲ, ಬಹುತೇಕರು ಪಕ್ಷೇತರರು. ನಾಲ್ಕಾರು ಜನ ಆಚೆ ಈಚೆ ಆದರೆ ಸಾಕು, ಅವಿಶ್ವಾಸ ಮಂಡಿಸಿ ಸರ್ಕಾರ ಬೀಳಿಸಬಹುದು, ಹಾಗೆ ಎಷ್ಟೋ ಸಲ ಆಗಿದೆ. ಅಧಿಕೃತ ರಾಜಧಾನಿ ಇಲ್ಲ, ಸಂಸತ್ತು, ಕಚೇರಿ ಇರುವುದು ಯಾರೆನ್ ಜಿಲ್ಲೆಯಲ್ಲಿ. ಸ್ವಂತ ಸೈನ್ಯ ಇಲ್ಲ, ಸ್ವಂತ ನಾಣ್ಯವೂ ಇಲ್ಲ, ಆಸ್ಟ್ರೇಲಿಯನ್ ಡಾಲರೇ.

ಮತ ಹಾಕುವ ರೀತಿ ಬೇರೆಲ್ಲೂ ಇಲ್ಲದ್ದು. ಇಪ್ಪತ್ತು ತುಂಬಿದವರೆಲ್ಲಾ ಮತ ಹಾಕಲೇಬೇಕು. ಎಲ್ಲಾ ಅಭ್ಯರ್ಥಿಗಳಿಗೂ 1, 2, 3 ಅಂತ ಕ್ರಮ ಕೊಡಬೇಕು. ಮೊದಲನೆಯವರಿಗೆ ಒಂದು ಪೂರ್ತಿ ಅಂಕ, ಎರಡನೆಯವರಿಗೆ ಅರ್ಧ, ಮೂರನೆಯವರಿಗೆ ಮೂರನೇ ಒಂದು, ಹೀಗೇ ಇಳಿಯುತ್ತಾ ಹೋಗುತ್ತದೆ. ಎಲ್ಲಾ ಕೂಡಿಸಿ ಜಾಸ್ತಿ ಬಂದವರು ಗೆದ್ದ ಹಾಗೆ. 1971ರಿಂದ ಇದೇ ನಡೆದಿದೆ. ಕ್ಲಾಸ್ ಲೀಡರ್ ಆರಿಸುವಾಗ ಒಮ್ಮೆ ಹೀಗೆ ಮಾಡಿಸಿ ನೋಡಿ ಮೇಡಂ, ಮಕ್ಕಳಿಗೆ ತಾನಾಗೇ ಅರ್ಥ ಆಗುತ್ತದೆ.

ಸಂಡೂರು ಟೀಚರ್

ಸರ್, ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಈಗಿನ ಆದಾಯದ ಬಗ್ಗೆ ಯಾರಾದರೂ ಹೇಳಿ. ಮತ್ತೆ ಕುಡಿತಿನಿಯವರು ಎತ್ತಿದ ಮಾತೂ ಬೇಕಾದದ್ದೇ, ಅದನ್ನು ಬಿಡಬೇಡಿ.

ಕುಡಿತಿನಿ ಹುಡುಗ

ವಕೀಲರು ಹೇಳಿದ್ದು ಒಪ್ಪಿದೆ ಸರ್. ಆದರೂ ಮೂರರಲ್ಲಿ ಎರಡು ಭಾಗ ಅಗೆದದ್ದು ಅವರದೇ ಸರ್ಕಾರದ ಕಾಲದಲ್ಲಿ ಅಂತಾಯಿತು. ಅದಕ್ಕೆ ಯಾರು ಜವಾಬು?

ಈಗಿನ ಆದಾಯ ನಾನು ಓದಿದಷ್ಟು ಹೇಳುತ್ತೇನೆ. ಮೊದಲನೆಯದು ಮೀನು. ಸುತ್ತಲಿನ ಸಮುದ್ರದಲ್ಲಿ ಟ್ಯೂನಾ ಜಾಸ್ತಿ, ಬೇರೆ ದೇಶದ ಹಡಗುಗಳು ದಿನದ ಲೆಕ್ಕದಲ್ಲಿ ಪರ್ಮಿಟ್ ಕೊಳ್ಳಬೇಕು. ಇದನ್ನು ಒಬ್ಬೊಬ್ಬರೇ ಮಾಡಿದರೆ ಬೆಲೆ ಬರಲ್ಲ ಅಂತ ಪೆಸಿಫಿಕ್‌ನ ಎಂಟು ದೇಶ ಒಟ್ಟಾಗಿ ನಡೆಸುತ್ತವೆ. ಎರಡನೆಯದು ಆಸ್ಟ್ರೇಲಿಯಾದ ನಿರಾಶ್ರಿತರ ಕೇಂದ್ರ. ದೋಣಿ ಹತ್ತಿ ಆಶ್ರಯ ಕೇಳಿ ಬಂದವರನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳದೆ ನೌರುವಿನಲ್ಲಿ ಇಡೋಕೆ 2001ರಲ್ಲಿ ಶುರು ಮಾಡಿತು, 2008ರಲ್ಲಿ ಮುಚ್ಚಿತು, 2012ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಕೊಡುವ ದುಡ್ಡು ಬಜೆಟ್ಟಿನ ದೊಡ್ಡ ಪಾಲು. ಅಲ್ಲಿ ಇಟ್ಟವರ ಪಾಡು ಓದಿದರೆ ನಿದ್ದೆ ಬರಲ್ಲ. ಈಗ ಸಮುದ್ರದ ತಳದಲ್ಲಿ ನಿಕಲ್, ಕೋಬಾಲ್ಟ್ ಇರುವ ಕಲ್ಲಿನ ಗಂಟು ತೆಗೆಯುವ ಕಂಪನಿಯ ಬೆನ್ನಿಗೂ ನಿಂತಿದ್ದಾರೆ. 2021ರಲ್ಲಿ ನಿಯಮ ಬೇಗ ಮಾಡಿ ಅಂತ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ನೋಟಿಸ್ ಕೊಟ್ಟಿದ್ದೂ ಇವರೇ. ಮತ್ತೆ ಗಣಿಗೇ ಬಂದರು ಅಂತ ನನಗೆ ಬೇಸರ ಆಯಿತು.

ಗಂಗಾವತಿ ವಕೀಲ

ಜವಾಬು ಅವರ ಸರ್ಕಾರದ್ದೇ, ಅದರಲ್ಲಿ ಎರಡು ಮಾತಿಲ್ಲ. ಗಣಿ ದುಡ್ಡಿಗೆ ಟ್ರಸ್ಟ್ ಇತ್ತು, ನೂರು ಕೋಟಿ ಡಾಲರ್ ದಾಟಿತ್ತು. ಟ್ರಸ್ಟ್ ಇಲ್ಲದೆ ಅಲ್ಲ, ಲೆಕ್ಕ ಕೇಳುವವರು ಇಲ್ಲದೆ ಹೋಯಿತು. ಬಜೆಟ್ ತೂತು ಮುಚ್ಚೋಕೆ ಅದನ್ನೇ ಅಡ ಇಟ್ಟು ಸಾಲ ಎತ್ತಿದರು. 2015ರಲ್ಲಿ ಹೊಸ ಟ್ರಸ್ಟ್ ಮಾಡಿದ್ದಾರೆ. ಈ ಸಲ ದುಡ್ಡು ಹಾಕುವ ಬೇರೆ ದೇಶದವರೂ ಸಮಿತಿಯಲ್ಲಿ ಕೂರುತ್ತಾರೆ.

ನಮ್ಮಲ್ಲೂ ಅದೇ 2015ರಿಂದ ಜಿಲ್ಲಾ ಖನಿಜ ನಿಧಿ ಇದೆ. ಹಳೆ ಗಣಿಗಳು ರಾಯಲ್ಟಿಯ ಶೇ. 30ರಷ್ಟು, ಹರಾಜಿನಲ್ಲಿ ಪಡೆದವು ಶೇ. 10ರಷ್ಟು ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಅಂತ ಗಣಿಯಿಂದ ತೊಂದರೆಯಾದ ಊರುಗಳಿಗೆ ಖರ್ಚಾಗಬೇಕು. ನಿಮ್ಮ ಗ್ರಾಮಸಭೆಯಲ್ಲಿ ಈ ದುಡ್ಡಿನ ಕೆಲಸಗಳ ಪಟ್ಟಿ ಕೇಳಿ ತಮ್ಮಾ. ಕೊಡದಿದ್ದರೆ ಆರ್‌ಟಿಐ ಹಾಕು, ಅರ್ಜಿ ನಾನು ಬರೆದುಕೊಡುತ್ತೇನೆ.

ನಿವೃತ್ತ ಜಿಯಾಲಜಿಸ್ಟ್, ಬಳ್ಳಾರಿ

ಮೇಡಂ, ಪಾಠಕ್ಕೆ ಒಂದು ಉಪಾಯ. ಫೋನಿನ ಉಪಗ್ರಹ ನಕ್ಷೆಯಲ್ಲಿ ನೌರು ತೆಗೆಯಿರಿ. ಅಂಚಿಗೆ ಹಸಿರು, ನಡುವೆ ಬೂದು, ದಕ್ಷಿಣದ ತುದಿಗೆ ವಿಮಾನದ ರನ್‌ವೇ ಕಾಣುತ್ತದೆ. ವಿಮಾನ ಇಳಿಯುವಾಗ ಅಲ್ಲಿನ ರಸ್ತೆ ನಿಲ್ಲಿಸುತ್ತಾರೆ, ಜಾಗ ಅಷ್ಟೇ ಇರುವುದು. ಆಮೇಲೆ ಅದೇ ಅಳತೆಯಲ್ಲಿ ದೋಣಿಮಲೈ ಕಡೆಯ ಗುಡ್ಡಗಳನ್ನು ತೆಗೆಯಿರಿ. ಎರಡನ್ನೂ ಚೌಕುಳಿ ಹಾಳೆ ಮೇಲೆ ಬರೆಸಿ, ಅಗೆದ ಜಾಗ ಎಷ್ಟು ಚೌಕ ಅಂತ ಮಕ್ಕಳೇ ಎಣಿಸಲಿ. ಬೇಕಿದ್ದರೆ ಒಂದು ದಿನ ನಾನೇ ಬರುತ್ತೇನೆ, ಅದಿರಿನ ಜೊತೆ ರಾಕ್ ಫಾಸ್ಫೇಟ್ ತುಂಡೂ ತರುತ್ತೇನೆ, ಕೈಯಲ್ಲಿ ಹಿಡಿದು ನೋಡಲಿ.