ಪದಚರ್ಚೆ: ದಡಾರದ ರಕ್ತಪರೀಕ್ಷೆಯಲ್ಲಿ ‘ಮಾರ್ಕರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಡಾರದ ಬಗ್ಗೆ ತಾಯಂದಿರಿಗಾಗಿ ಒಂದು ಪುಟ್ಟ ಕರಪತ್ರ ಬರೆಯುತ್ತಿದ್ದೇನೆ. ‘ಬ್ಲಡ್ ಮಾರ್ಕರ್’, ಅಂದರೆ ರೋಗದ ಬಗ್ಗೆ ತಿಳಿಸುವ ರಕ್ತದಲ್ಲಿನ ಅಂಶ, ಅನ್ನೋ ಮಾತಿಗೆ ಬಂದು ಕೈ ನಿಂತಿದೆ. ‘ಸೂಚಕ’ ಅನ್ನಬಹುದು, ತಪ್ಪಲ್ಲ. ಆದರೆ ಮನೆಯಲ್ಲಿ ಯಾರೂ ಆಡುವ ಮಾತಲ್ಲ. ಅದಕ್ಕೇ ‘ರಕ್ತದಲ್ಲಿನ ಗುರುತು’ ಅಂತ ಬರೆದು ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಅವರು ಮುಂಗೈ ಮೇಲೆ ಬೆರಳಾಡಿಸುತ್ತಾ, “ಮೈಮೇಲೆ ಏಳೋ ದದ್ದು ರಕ್ತದೊಳಗೂ ಏಳುತ್ತಾ?” ಅಂತ ಕೇಳಿದರು. ಗುರುತು ಅಂದ ಕೂಡಲೇ ಅವರ ಕಣ್ಣಿಗೆ ಬಂದದ್ದು ಚರ್ಮ.

ಪರೀಕ್ಷೆಯಲ್ಲಿ ಹುಡುಕುವುದು ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು. ಅವುಗಳಲ್ಲಿ ಮೊದಲು ಬರುವುದು ಐಜಿಎಂ ಅನ್ನೋ ಬಗೆ. ದದ್ದು ಎದ್ದ ಮೊದಲ 3 ದಿನದಲ್ಲೇ ರಕ್ತ ತೆಗೆದರೆ ಎಷ್ಟೋ ಮಕ್ಕಳಲ್ಲಿ ಅದು ಇನ್ನೂ ಸಿಕ್ಕಿರುವುದಿಲ್ಲ. ಸಿಗಲಿಲ್ಲ ಅಂತ ದಡಾರ ಅಲ್ಲ ಅಂದುಬಿಡೋ ಹಾಗಿಲ್ಲ. ಒಂದೆರಡು ತಿಂಗಳಲ್ಲಿ ಅದು ಕರಗಿಹೋಗುತ್ತದೆ. ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ ಮೇಲೂ ಕೆಲವು ವಾರ ಕಾಣಿಸಿಕೊಳ್ಳಬಹುದು. ಹೀಗೆ ಬಂದು ಹೋಗುವ, ಒಮ್ಮೊಮ್ಮೆ ದಾರಿ ತಪ್ಪಿಸುವ ಇದನ್ನು ‘ಸುಳಿವು’ ಅಂದರೆ ಸರಿಹೋಗುತ್ತದೆ ಅಂತ ನನಗನ್ನಿಸುತ್ತದೆ.

ಐಜಿಜಿ ಅನ್ನೋ ಇನ್ನೊಂದು ಬಗೆಯ ಪ್ರತಿಕಾಯ ಹಾಗಲ್ಲ. ಸ್ವಲ್ಪ ತಡವಾಗಿ ಬಂದು ಸಾಮಾನ್ಯವಾಗಿ ಬದುಕಿಡೀ ಉಳಿಯುತ್ತದೆ. ಎಂದೋ ಬಂದು ಹೋದ ದಡಾರಕ್ಕೂ ಹಾಕಿಸಿಕೊಂಡ ಲಸಿಕೆಗೂ ಅದೇ ಸಾಕ್ಷಿ. ಎಳೆಗೂಸಿನ ರಕ್ತದಲ್ಲಿ ತಾಯಿಯಿಂದ ಬಂದದ್ದೂ ಇರುತ್ತದೆ. ಇದಕ್ಕೆ ‘ಗುರುತು’ ಒಪ್ಪುತ್ತದೆ ಅಲ್ವಾ? ಅಂದರೆ ‘ಮಾರ್ಕರ್’ ಅನ್ನೋ ಒಂದೇ ಪದಕ್ಕೆ ಕನ್ನಡದಲ್ಲಿ ಎರಡು ಪದ ಇಟ್ಟುಕೊಂಡರೆ ತಾಯಂದಿರಿಗೆ ಜಾಸ್ತಿ ಅರ್ಥವಾಗುತ್ತದೆ. ಅಜ್ಜಿಯ ಗೊಂದಲ ತಪ್ಪಿಸೋಕೆ ಅದರ ಪಕ್ಕ ‘ಪ್ರತಿಕಾಯದ ಗುರುತು’ ಅಂತ ಬಿಡಿಸಿ ಬರೆಯುತ್ತೇನೆ.

ಸೋಂಕು ಈಗಿನದೇ ಅಂತ ಖಚಿತಪಡಿಸಿಕೊಳ್ಳೋಕೆ ಸುಮಾರು ಎರಡು ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಐಜಿಜಿ 4 ಪಟ್ಟು ಏರಿದೆಯಾ ಅಂತ ನೋಡುವುದೂ ಉಂಟು. ಇದಕ್ಕೆ ‘ಜೋಡಿ ಮಾದರಿ’ ಅಂತ ಬರೆದಿದ್ದೇನೆ. ಸಮಾಧಾನವಿಲ್ಲ, ಸೀರೆ ಅಂಗಡಿಯ ಮಾತಿನಂತೆ ಕೇಳುತ್ತದೆ. ಪರೀಕ್ಷೆಯ ವರದಿಯಲ್ಲಿ ಬರುವ ‘ಪಾಸಿಟಿವ್’ ಅನ್ನು ಮಾತ್ರ ದಯವಿಟ್ಟು ‘ಸಕಾರಾತ್ಮಕ’ ಮಾಡೋಣ ಅನ್ನಬೇಡಿ. ಜ್ವರದಲ್ಲಿ ನರಳುವ ಮಗುವಿನ ತಾಯಿಗೆ ಅದು ಒಳ್ಳೆ ಸುದ್ದಿಯಂತೆ ಕೇಳಬಾರದು.

ಇನ್ನೊಂದು ವಿಷಯ. ದಡಾರಕ್ಕೆ ‘ಗೊಬ್ಬರ’ ಅಂತಲೂ ಅನ್ನುತ್ತಾರೆ. ಅದನ್ನೂ ಪಕ್ಕದಲ್ಲಿ ಹಾಕಲಾ? ನಿಮ್ಮೂರಲ್ಲಿ ಏನಂತಾರೆ, ತಿಳಿಸಿ.