ಮೆಣಸಿನ ಮಾನಕ ಯಾರು ಬರೆಯುತ್ತಾರೆ? ಲ್ಯಾಬ್ ಮೇಡಂಗೆ ಕೇಳಿ

ಅಡ್ಮಿನ್: ಮೇಡಂ ಮಸಾಲೆ ಪರೀಕ್ಷೆಯವರು. ದೇಶದ ಮಾನಕ ಬರೆಯುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸಮಿತಿಯಲ್ಲೂ ಕೂತವರು. ಒಬ್ಬರಿಗೆ ಒಂದೇ ಪ್ರಶ್ನೆ.

ಕೋಣಂದೂರು ಬೆಳೆಗಾರ: ನಮ್ಮ ಕಾಳುಮೆಣಸಿಗೆ ಜಿನೀವಾದವರು ಯಾಕೆ ಮಾನಕ ಬರೆಯಬೇಕು?

ಮೇಡಂ: ಜಿನೀವಾದಲ್ಲಿರುವುದು ಐಎಸ್‌ಒ, ಅಂದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಕಚೇರಿ. ಬರೆಯುವುದು ಸದಸ್ಯ ದೇಶಗಳು. ಮಸಾಲೆ ಉಪಸಮಿತಿಯ ಕಾರ್ಯದರ್ಶಿ ಕೆಲಸ ಭಾರತದ್ದೇ.

ರಿಪ್ಪನ್‌ಪೇಟೆ: ಹಾಗಾದ್ರೆ ನಾವು ಹೇಳಿದ್ದೇ ನಡೀಬೇಕಲ್ವಾ?

ಮೇಡಂ: ಇಲ್ಲ. ಕಾರ್ಯದರ್ಶಿ ಯಾರ ಪಕ್ಷವನ್ನೂ ವಹಿಸುವಂತಿಲ್ಲ. ದೇಶಕ್ಕೆ ಒಂದೇ ವೋಟು.

ಸಾಗರದ ಅಕ್ಕ: ನಮ್ಮ ಸಂಘದ ಮೆಣಸಿಗೆ "ಲೀಟರ್ ತೂಕ, ಅಂದ್ರೆ ಒಂದು ಲೀಟರ್ ಕಾಳಿನ ತೂಕ, ಕಮ್ಮಿ, ಅಂತರರಾಷ್ಟ್ರೀಯ ಮಾನಕಕ್ಕೆ ಬರಲ್ಲ" ಎಂದು ವ್ಯಾಪಾರಿ ರೇಟು ಇಳಿಸಿದರು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿ, ಖಾರ ಚೆನ್ನಾಗಿದೆ. ನಮ್ಮಂಥವರು ಇದನ್ನು ಬದಲಿಸಬಹುದಾ?

ಮೇಡಂ: ಅಕ್ಕ, ಇಂಥ ಪ್ರಶ್ನೆ ಬೆಳೆಗಾರರ ಕಡೆಯಿಂದ ಬರುವುದೇ ಅಪರೂಪ. ಮೊದಲು ಆ ವ್ಯಾಪಾರಿಯನ್ನು ಯಾವ ಮಾನಕ, ಯಾವ ದರ್ಜೆ ಎಂದು ಕೇಳಿ. ಎಷ್ಟೋ ಸಲ ಅದು ಖರೀದಿದಾರನ ಷರತ್ತು ಮಾತ್ರ. ಮೆಣಸಿಗೆ ಐಎಸ್‌ಒ ಮಾನಕದ ಸಂಖ್ಯೆ 959, ಅಂತರರಾಷ್ಟ್ರೀಯ ಆಹಾರ ಮಾನಕ ಬರೆಯುವ ಕೋಡೆಕ್ಸ್‌ನದ್ದು 2017ರಲ್ಲಿ ಬಂದ 326. ಕೋಡೆಕ್ಸ್ ಮಸಾಲೆ ಸಮಿತಿಗೂ ಭಾರತವೇ ಆತಿಥೇಯ.

ಆಮೇಲೆ ಜೊಳ್ಳು ನೋಡಿ. ಬಲಿಯದ ಕಾಳು ಕೊಯ್ದಿದ್ದರೆ ಮಾನಕವನ್ನು ಬೈದು ಪ್ರಯೋಜನವಿಲ್ಲ. ಬಲಿತ ಕಾಳೂ ಹಗುರ ಬರುತ್ತಿದ್ದರೆ ಬೇರೆ ಬೇರೆ ತೋಟದ ಮಾಲು ಪರೀಕ್ಷೆ ಮಾಡಿಸಿ. ಲೀಟರ್ ತೂಕ, ಜೊಳ್ಳು, ನೀರಿನಂಶ, ಪೈಪರಿನ್ (ಖಾರ ಕೊಡುವ ಅಂಶ) ಬೇರೆ ಬೇರೆ ಬರೆಸಿಕೊಳ್ಳಿ.

ಐಎಸ್‌ಒದಲ್ಲಿ ಭಾರತ ಏನು ಹೇಳಬೇಕು ಎಂಬುದು ಬಿಐಎಸ್ ಸಮಿತಿಯಲ್ಲೇ ತೀರ್ಮಾನವಾಗುತ್ತದೆ. ಕರಡು ಹೊರಗೆ ಬಿಟ್ಟಾಗ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಯಾವ ಕಲಮು, ಈಗ ಏನಿದೆ, ಏನಾಗಬೇಕು, ಯಾಕೆ, ಇಷ್ಟು ಬರೆಯಿರಿ. "ಅನ್ಯಾಯ" ಎಂದಷ್ಟೇ ಬರೆದರೆ ಪಕ್ಕಕ್ಕಿಡುತ್ತಾರೆ. ಐಎಸ್‌ಒ ಕರಡು ಪಾಸಾಗಲು ವೋಟು ಹಾಕಿದ ಪಿ ಸದಸ್ಯ (ಸಮಿತಿ ಕೆಲಸದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುವ) ದೇಶಗಳಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ವಿರೋಧ ಒಟ್ಟು ವೋಟಿನ ಕಾಲು ಭಾಗ ಮೀರಬಾರದು. ಮುಗಿದ ಮಾನಕವನ್ನೂ 5 ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸುತ್ತಾರೆ. ಆ ಹೊತ್ತಿಗೆ ನಿಮ್ಮ ಅಂಕಿಗಳು ಕೈಯಲ್ಲಿರಲಿ.

ಹೊಸನಗರ: ಫಾರ್ವರ್ಡ್: "ಮೆಣಸಿಗೆ ಮಿನರಲ್ ಆಯಿಲ್ ಸವರಿ. ಹೊಳಪೂ ಬರುತ್ತೆ, ತೂಕವೂ ಬರುತ್ತೆ. 10 ಗುಂಪಿಗೆ ಕಳಿಸಿ."

ಮೇಡಂ: ತಕ್ಷಣ ಅಳಿಸಿ. ಇದು ಕಲಬೆರಕೆ. ಲ್ಯಾಬಿನಲ್ಲಿ ಸಿಕ್ಕಿಬೀಳುತ್ತೆ. ಬಣ್ಣ ಬೇಕಿದ್ದರೆ ಒಣಗಿಸುವ ಮೊದಲು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ.

ಆನಂದಪುರ: ಒಂದೇ ದಿನದಲ್ಲಿ ಐಎಸ್‌ಒ ಸರ್ಟಿಫಿಕೇಟ್ ಅಂತ ಮೆಸೇಜ್ ಬಂದಿದೆ. ತಗೊಳ್ಳಲಾ?

ಮೇಡಂ: ಐಎಸ್‌ಒ ತಾನೇ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ದುಡ್ಡು ಕಟ್ಟಬೇಡಿ.

ಕೊಪ್ಪ: ಐಎಸ್‌ಒ ಸರ್ಟಿಫಿಕೇಟ್‌ಗೆ ಎಷ್ಟಾಗುತ್ತೆ ಮೇಡಂ?

ಮೇಡಂ: ಮೇಲೆ ಓದಿ.

ತೀರ್ಥಹಳ್ಳಿ: ಅಡಿಕೆ ತಿಂದ್ರೆ ಕ್ಯಾನ್ಸರ್ ಅಂದವರೂ ಈ ಐಎಸ್‌ಒದವರೇ ತಾನೆ?

ಮೇಡಂ: ಅಲ್ಲ. ಅದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, 2004ರ ವರದಿ. ಮಾನಕ ಅಲ್ಲ.

ತೀರ್ಥಹಳ್ಳಿ: ಎಲ್ಲ ಒಂದೇ. ನಮ್ಮ ರಾಶಿ ಇಡಿ ಅಡಿಕೆ ರೇಟು ಬೀಳಿಸೋಕೆ.

ಕೋಣಂದೂರು ಬೆಳೆಗಾರ: ಮಾರಾಯ್ರೆ, ಇದು ಮೆಣಸಿನ ಚರ್ಚೆ.

ತೀರ್ಥಹಳ್ಳಿ: ನಿಮಗೆ ಅಡಿಕೆ ಇಲ್ವಾ? ಮಂಡಿಗೆ ಏನು ತಗೊಂಡು ಹೋಗ್ತೀರಿ?

ಕೋಣಂದೂರು ಬೆಳೆಗಾರ: ನನ್ನ ತೋಟದ ಲೆಕ್ಕ ನಿಮಗ್ಯಾಕೆ?

ಶಿವಮೊಗ್ಗ ಮೇಷ್ಟ್ರು: ಬಿಐಎಸ್ ಸಭೆಗೆ ರೈತರು ಹೋದರೆ ಬಸ್ ಚಾರ್ಜ್ ಕೊಡ್ತಾರಾ?

ಅಡ್ಮಿನ್: ಅಡಿಕೆ ಜಗಳ ಸಾಕು. ಇಬ್ಬರಿಗೂ ಹೇಳ್ತಿದ್ದೇನೆ.

ಸಾಗರದ ಅಕ್ಕ: ಮೇಡಂ, ಸ್ಯಾಂಪಲ್ ಹೇಗೆ ತೆಗೆಯಬೇಕು?

ಮೇಡಂ: ಒಂದೇ ಚೀಲದ ಮೇಲಿನ ಕಾಳು ಕಳಿಸಬೇಡಿ. ಹಲವು ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ. ತೋಟ, ಕೊಯ್ದ ದಿನ ಬರೆದು ಅಂಟಿಸಿ.

ಹೊಸನಗರ: ಮಿನರಲ್ ಆಯಿಲ್ ಬೇಡ ಅಂದ್ರೆ ಕೊಬ್ಬರಿ ಎಣ್ಣೆ ಆಗುತ್ತಾ?

ಮೇಡಂ: ಅಡ್ಮಿನ್, ಇವರನ್ನು ನೀವೇ ನೋಡಿಕೊಳ್ಳಿ.